ಕಂಬಕ್ಕೆ ಕಿವಿ ಹಚ್ಚುತ್ತಿದ್ದ ಅಜ್ಜ

ಅವರ ಎಡಗಿವಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ತಳಕಲ್ ಊರಿನ ಆಚೆಯ ನಮ್ಮ ಹಳ್ಳಿಯಲ್ಲಿ ಮನೆ ಕಟ್ಟಿಸುವವರೆಲ್ಲ ಮೊದಲು ಹೋಗುತ್ತಿದ್ದುದು ಈ ಗೌಂಡಿ ಅಜ್ಜನ ಬಳಿಗೆ. ನಿಜಾಮರ ಕಾಲದ ಹಳೆಯ ಶಾಲೆಯನ್ನು ಕೆಡವಲು ಬಿಡದೆ ಊರವರು ಉಳಿಸಿಕೊಂಡು, ನನ್ನ ಹೊಲಿಗೆ ತರಗತಿಗೆ ಬಿಟ್ಟುಕೊಟ್ಟಿದ್ದರು. ಅಜ್ಜ ದಿನಾ ಬೆಳಿಗ್ಗೆ ಬಂದು ಸುಣ್ಣ ಬಳಿದ ಮರದ ಕಂಬಗಳಿಗೆ ಒಂದೊಂದಾಗಿ ಕಿವಿ ಹಚ್ಚುತ್ತಿದ್ದರು. "ತೊಲಿ ಬೀಳೂಕಿಂತ ಮೊದಲ ಹೇಳತೈತಿ, ಕೇಳವರು ಬೇಕು" ಎನ್ನುತ್ತಿದ್ದರು. ನಾವು ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದೆವು.

ಮಳೆಗಾಲಕ್ಕೆ ಮೊದಲು ಮನೆಯ ಮೇಲಿನ ಮಣ್ಣಿನ ಮಾಳಿಗೆಗೆ ನೀರು ಇಳಿಯದಂತೆ ಹೊಸ ಸವಳು ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಹಳೆಯ ಮಣ್ಣನ್ನು ಕೆರೆದು ಇಳಿಸಿಯೇ ಹಾಕಬೇಕು, ಇಲ್ಲದಿದ್ದರೆ ತೊಲೆಗೆ ಭಾರ ಹೆಚ್ಚುತ್ತದೆ. ಆ ವರ್ಷ ಅಜ್ಜ ಗಂಗಾವತಿಯ ಮಗಳ ಮನೆಗೆ ಹೋಗಿದ್ದರು. ಇಳಿಸುವಷ್ಟು ತಾಳ್ಮೆ ನನಗೆಲ್ಲಿ? ಹಳೆಯದರ ಮೇಲೆಯೇ ಹೊಸದನ್ನು ಹಾಕಿಸಿಬಿಟ್ಟೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿಯಿತು. ಮೂರನೆಯ ದಿನ ತಲೆಯ ಮೇಲೆ ಕಟಕ್ಕೆಂದ ಸದ್ದು. ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಉಳಿದವರಿಗೆ ಕೇಳಿಸಲಿಲ್ಲ, ಕೇಳಿಸಿದ ನಾನು ಬಾಯಿ ಬಿಡಲಿಲ್ಲ. ಸುದ್ದಿ ಹೊರಬಿದ್ದರೆ ಶಾಲೆಯನ್ನೇ ಕೆಡವಿಬಿಡುತ್ತಾರೆಂಬ ಹೆದರಿಕೆ ನನಗೆ. ಒಳಗೆ ಹನ್ನೊಂದು ಜನ ಹೆಂಗಸರು. ಅದೇ ತೊಲೆಗೆ ಕಟ್ಟಿದ ಜೋಲಿಯಲ್ಲಿ ಒಂದು ಕೂಸು ಮಲಗಿತ್ತು.

ಅಷ್ಟರಲ್ಲಿ ಅಜ್ಜ ಬಸ್ಸಿಳಿದು ನೇರ ಅಲ್ಲಿಗೇ ಬಂದರು. ನಡುವಿನ ಕಂಬಕ್ಕೆ ಕಿವಿ ಹಚ್ಚಿದವರು ಹಾಗೇ ನಿಂತುಬಿಟ್ಟರು. ಮೇಲಿನ ತೊಲೆಯನ್ನೂ ಜೋಲಿಯನ್ನೂ ನೋಡಿ ಮೆಲ್ಲಗೆ ಹೇಳಿದರು:

"ಕೂಸಿನ್ನ ಎತ್ಕೊಂಡು ಹೊರಗ ನಡೀರಿ. ಓಡಬ್ಯಾಡ್ರಿ, ನೆಲ ಅದರಬಾರದು."

ಕೂಸನ್ನು ಎತ್ತಿಕೊಂಡು ಒಬ್ಬರ ಹಿಂದೊಬ್ಬರು ನಡೆದೆವು. ಅಜ್ಜ ಕೊನೆಯವರಾಗಿ ಹೊಸ್ತಿಲು ದಾಟಿದರು. ತೊಲೆ ಸೀಳಿಹೋಯಿತು, ಅರ್ಧ ಮಾಳಿಗೆ ನಮ್ಮ ಹೊಲಿಗೆ ಯಂತ್ರಗಳ ಮೇಲೆ ಕುಸಿಯಿತು.

ಹಳೆಯ ಮಣ್ಣು ಇಳಿಸದೆ ಹೊಸದನ್ನು ಹಾಕಿಸಿದ್ದನ್ನು ಅಳುತ್ತಾ ಒಪ್ಪಿಕೊಂಡೆ. ಅಜ್ಜ ಮಣ್ಣಿನ ಮಾತನ್ನು ಅಲ್ಲಿಗೇ ಬಿಟ್ಟು ಕೇಳಿದರು:

"ಸಪ್ಪಳ ನಿನಗೂ ಕೇಳಿಸಿತ್ತೇನು?"

"ಹೌದಜ್ಜಾ."

"ಕೇಳಿಸಿದ ಮ್ಯಾಲೂ ಸುಮ್ನ ಕುಂತಿದ್ದೇನವ್ವಾ?"

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶಾಲೆಯನ್ನು ಯಾರೂ ಕೆಡವಲಿಲ್ಲ. ಅಜ್ಜನೇ ಮುಂದೆ ನಿಂತು ಹೊಸ ತೊಲೆ ಏರಿಸಿದರು. ಹೋದ ವರ್ಷ ತೀರಿಕೊಂಡರು.

ಈಗ ದಿನಾ ಬೆಳಿಗ್ಗೆ, ಹೆಂಗಸರು ಬರುವ ಮೊದಲು, ನಾನು ಕಂಬಗಳಿಗೆ ಕಿವಿ ಹಚ್ಚುತ್ತೇನೆ. ಏನೂ ಕೇಳಿಸದ ದಿನವೇ ಹೆಚ್ಚು ಹೆದರಿಕೆ. ತೊಲೆ ನಿಜವಾಗಿಯೂ ಸುಮ್ಮನಿದೆಯೋ, ಅದು ಹೇಳುತ್ತಿರುವುದು ನನ್ನ ಕಿವಿಗೆ ಮುಟ್ಟುತ್ತಿಲ್ಲವೋ? ಕೇಳೋಣವೆಂದರೆ ಅಜ್ಜನಿಲ್ಲ. ಕಿವಿಯ ಸುಣ್ಣ ಒರೆಸಿಕೊಂಡು ಬಾಗಿಲು ತೆರೆಯುತ್ತೇನೆ.