ಇಲಿಯ ಪಾದ, ಅವ್ವನ ಮಂಡಿ

ಆರು ಇಲಿ. ಚುಚ್ಚುಮದ್ದು ಕೊಟ್ಟು ಮೂರು ಗಂಟೆಯಾಗಿದ್ದರೂ ಒಂದರ ಪಾದವೂ ಊದಿರಲಿಲ್ಲ. ಪಾದ ಊದಿಸುವುದಕ್ಕೆಂದೇ ಕೊಡುವ ಚುಚ್ಚುಮದ್ದು ಅದು. ಪಕ್ಕದ ಪಂಜರದಲ್ಲಿ ಬರೀ ನೀರು ಕುಡಿದ ಇಲಿಗಳ ಹಿಂಗಾಲು ಬೋಂಡಾದಂತೆ ಊದಿದ್ದವು. ಊತಕ್ಕೆ ಮದ್ದೆಂದು ನಾನು ವರ್ಷಗಟ್ಟಲೆ ತಿಣುಕಿ ತೆಗೆದ ಲಕ್ಕಿ ಸೊಪ್ಪಿನ ಸಾರ ಕುಡಿದವೂ ಒಂದಿಷ್ಟು ಊದಿದ್ದವು. ಈ ಆರು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು. ಪಾದವನ್ನು ಪಾದರಸದ ಕೊಳವೆಯಲ್ಲಿ ಅದ್ದಿ, ಪಾದರಸ ಎಷ್ಟು ಮೇಲೇರಿತೆಂದು ನೋಡುವುದು ನಮ್ಮ ಅಳತೆ. ನಂಬಿಕೆ ಬರದೆ ಎರಡೆರಡು ಸಲ ಅಳೆದೆ.

ಆ ಆರಕ್ಕೆ ಕುಡಿಸಿದ್ದು ಅವ್ವ ತಿನ್ನುತ್ತಿದ್ದ ಪುಡಿ.

ನಾನು ಮಂಡ್ಯದ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಜೊತೆಗೆ ಸಂಶೋಧನೆಯನ್ನೂ ಎಳೆದಾಡುತ್ತಿದ್ದೇನೆ. ಅವ್ವ ಹಲಗೂರಿನ ಹತ್ತಿರದ ನಮ್ಮೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಾಳೆ. ಅವಳದು ವಯಸ್ಸಿಗೆ ಬರುವ ಮಂಡಿನೋವಲ್ಲ, ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ವಾತ. ಬೆರಳು ಸೊಟ್ಟಗಾಗಿ ಹಿಟ್ಟು ತೊಳಸುವ ಕೋಲು ಹಿಡಿಯಲಾರದೆ ಒಲೆ ಮುಂದೆ ಕೂತು ಅತ್ತವಳು ಅವಳು. ಮಂಡ್ಯದ ಡಾಕ್ಟರ ಮಾತ್ರೆ ಹೊಟ್ಟೆ ಉರಿಸುತ್ತೆ ಅಂತ ಬಿಟ್ಟಳು. ಮಳವಳ್ಳಿ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ವಾತಕ್ಕೆ ಪುಡಿ ಕೊಡುವ ತಾತನೊಬ್ಬನಿದ್ದಾನೆ ಅಂತ ಅತ್ತಿಗೆ ಕರೆದುಕೊಂಡು ಹೋದಳು. ಬದನೆಕಾಯಿ, ಆಲೂಗಡ್ಡೆ, ಮೊಸರು ಮೂರೂ ಮುಟ್ಟಬಾರದೆಂದು ಪಥ್ಯ. ಹತ್ತು ದಿನಕ್ಕೆ ಅವ್ವ ಬಸ್‌ಸ್ಟಾಪಿನವರೆಗೆ ನಡೆದಳು.

ನನಗೋ ಮೂಗಿನ ತುದಿಯಲ್ಲೇ ಕೋಪ. ಕಂಡವರ ಪುಡಿ ತಿಂದು ಕಿಡ್ನಿ ಕಳ್ಕೋ ಅಂತ ಫೋನಿನಲ್ಲೇ ಕೂಗಾಡಿದ್ದೆ. ಆಮೇಲೊಮ್ಮೆ ಅವ್ವ ನಮ್ಮ ಮನೆಗೆ ಬಂದು, ಮಹಡಿಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿಬಿಟ್ಟಳು. ಮುಖ ತುಂಬಿಕೊಂಡಿದೆ, ಕಳೆ ಬಂದಿದೆ ಅಂತ ನೆರೆಹೊರೆಯವರೂ ಅಂದರು, ನಾನೂ ಹಿಗ್ಗಿದೆ. ಆ ದುಂಡು ಮುಖ ನೋಡಿ ಹಿಗ್ಗಿದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

"ಅದೂ ನಿನ್ ಲಕ್ಕಿ ಸೊಪ್ಪೇ ಅಂತೆ ಕಣ್ ಮಗ. ನಿನ್ ಇಲಿಗೂ ಒಸಿ ತಿನ್ಸಿ ನೋಡು," ಅಂದಳು ಅವ್ವ. "ಬದ್ನೇಕಾಯಿ ಮಾತ್ರ ಆಕ್ಬ್ಯಾಡ."

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆಸೆ ಹತ್ತಿಕೊಂಡಿತ್ತು. ನನ್ನ ಮಾರ್ಗದರ್ಶಕಿ ಮೇಡಂ ಹಿಂದೆ ಬಿದ್ದು, ಪ್ರಾಣಿಪ್ರಯೋಗದ ಅನುಮತಿಯಲ್ಲಿ ಆ ಪುಡಿಯನ್ನೂ ಸೇರಿಸಿದೆ. ಆ ಆರು ಇಲಿಗಳ ಫಲಿತಾಂಶ ಬಂದದ್ದು ಹಾಗೆ. ತಾತನಿಗೆ ಗೊತ್ತಿರುವ ಯಾವುದೋ ಬೇರು ನನ್ನ ಕೈಗೂ ಸಿಕ್ಕಿತೆಂದು, ಅವ್ವನಂಥವರಿಗೆಲ್ಲ ಇನ್ನು ನೋವಿಲ್ಲವೆಂದು, ಹಾಳೆ ಹಿಡಿದು ಮೇಡಂ ಕೋಣೆಗೆ ಓಡಿದೆ.

ಮೇಡಂ ದಿನಾ ಮದ್ದೂರಿನಿಂದ ಬಂದು ಹೋಗುವವರು, ಮಾತು ಕಡಿಮೆ. ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ಸೊಪ್ಪು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ರೆ ನನಗೆ ಭಯ ಆಗುತ್ತಮ್ಮ," ಅಂದರು. "ಊತ ಇಳಿಸೋ ಸ್ಟೀರಾಯ್ಡ್ ಬೆರೆಸಿರ್ತಾರೆ, ಪಕ್ಕದಲ್ಲಿಟ್ಟು ನೋಡು."

ಬಿಳಿ ಪದರ ಬಳಿದ ಗಾಜಿನ ತಟ್ಟೆಯ ಬುಡದಲ್ಲಿ ಎರಡು ಚುಕ್ಕೆ ಇಟ್ಟೆ. ಒಂದು ಅವ್ವನ ಪುಡಿಯದು, ಇನ್ನೊಂದು ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಮಾತ್ರೆಯದು. ಕೆಳಗಿನ ದ್ರಾವಣ ಮೇಲೇರುತ್ತಾ ಚುಕ್ಕೆಯಲ್ಲಿರುವುದನ್ನು ಎಳೆದೊಯ್ಯುತ್ತದೆ, ಒಂದೇ ವಸ್ತುವಾದರೆ ಎರಡೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ನಿಲ್ಲದಿರಲಿ ದೇವರೇ ಅಂತ ಬೇಡಿಕೊಂಡೆ. ನೀಲಿ ದೀಪದ ಕೆಳಗೆ ಹಿಡಿದರೆ ಎರಡೂ ಪಕ್ಕಪಕ್ಕದಲ್ಲಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ ನಿಂತಿದ್ದವು.

ಸೊಪ್ಪಿನ ಹೆಸರಿನಲ್ಲಿ ಕೊಟ್ಟಿದ್ದು ಸ್ಟೀರಾಯ್ಡ್. ಒಂದೂವರೆ ವರ್ಷ ದಿನಕ್ಕೆರಡು ಹೊತ್ತು ಅವ್ವ ಅದನ್ನು ತಿಂದಿದ್ದಳು. ದುಂಡು ಮುಖ, ಸೌದೆ ತಗುಲಿ ಆಯ್ತು ಅಂದಿದ್ದ ತೋಳಿನ ಕಂದು ಕಲೆ, ಎಲ್ಲ ಅದರದ್ದೇ. ನಿಂತ ಕಾಲಲ್ಲೇ ಫೋನ್ ಮಾಡಿದೆ.

"ಅವ್ವ, ಈಗ್ಲೇ ಎದ್ದು ಆ ಪುಡೀನ ತಿಪ್ಪೆಗೆ ಬಿಸಾಕು. ಇನ್ನೊಂದು ಚಿಟಿಕೆ ತಿಂದ್ರೆ ನಾನು ನಿನ್ನ ಮಗಳೇ ಅಲ್ಲ."

ಮಂಡಿ ಮತ್ತೆ ಹಿಡ್ಕೊಂಡ್ರೆ ಏನು ಮಾಡ್ಲಿ ಅಂತ ಅವ್ವ ಮೆಲ್ಲಗೆ ಕೇಳಿದಳು. ನಾನು ಅದಕ್ಕೂ ರೇಗಿದೆ. ಅವಳು ಹೋಗಿ ಬಿಸಾಕಿದಳು. ಒಪ್ಪಿಕೊಂಡ ಮೇಲೆ ಕದ್ದು ತಿನ್ನುವ ಹೆಂಗಸಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತರಗತಿಯಲ್ಲಿದ್ದಾಗ ಅತ್ತಿಗೆಯ ಫೋನು. ನಿನ್ನೆಯಿಂದ ವಾಂತಿ, ಉಂಡದ್ದು ಸೇರಲಿಲ್ಲವೇನೋ ಅಂದುಕೊಂಡರಂತೆ. ಈಗ ಕೂಗಿದರೆ ಕಣ್ಣು ಬಿಡುತ್ತಿಲ್ಲ, ಕೈಕಾಲು ತಣ್ಣಗಾಗಿವೆ ಅಂದಳು. ಏನಾಗಿದೆಯೆಂದು ನನಗೆ ಆ ಕ್ಷಣವೇ ಗೊತ್ತಾಯಿತು, ಯಾಕೆಂದರೆ ಆ ಪಾಠ ಮಾಡುವವಳು ನಾನೇ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೈ ತನ್ನದನ್ನು ಮಾಡಿಕೊಳ್ಳುವುದನ್ನೇ ಬಿಟ್ಟುಬಿಡುತ್ತೆ, ಹೋಟೆಲ್ ಊಟ ರೂಢಿಯಾದ ಮನೆಯಲ್ಲಿ ಒಲೆ ಆರುವ ಹಾಗೆ. ಅದಕ್ಕೇ ಒಮ್ಮೆಗೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಪ್ರತಿ ವರ್ಷ ಹೇಳುತ್ತೇನೆ, ಪರೀಕ್ಷೆಯಲ್ಲಿ ಬರೆಯದವರಿಗೆ ಅಂಕ ಕತ್ತರಿಸುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆ ನನಗಾಗಿಯೇ ಹುಟ್ಟಿದ್ದು.

ಅಣ್ಣ ಊರಲ್ಲಿರಲಿಲ್ಲ. ಹಲಗೂರಿನ ಗ್ಯಾರೇಜಿನ ಭಾಯಿ ರಿಪೇರಿಗೆ ಬಂದಿದ್ದ ಕಾರಿನಲ್ಲೇ ಅವ್ವನನ್ನೂ ಅತ್ತಿಗೆಯನ್ನೂ ಮಳವಳ್ಳಿ ಆಸ್ಪತ್ರೆಗೆ ಹೊರಡಿಸಿದರು. ನಾನು ಮಂಡ್ಯದಿಂದ ಬಸ್ಸು ಹತ್ತಿದೆ. ಡಾಕ್ಟರಿಗೆ ಏನು ಹೇಳಬೇಕೆಂದು ಅತ್ತಿಗೆಗೆ ಫೋನಿನಲ್ಲಿ ಮೂರು ಸಲ ಹೇಳಿದೆ, ಮೂರು ಸಲ ಅವಳಿಂದ ಹೇಳಿಸಿದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಬಸ್ಸು ಆಮೆಯ ಹಾಗೆ ತೆವಳಿತು. ಮುಂದಿನ ಸೀಟಿನ ಕಂಬಿ ಹಿಡಿದು, ಅವ್ವಾ ಅವ್ವಾ ಅಂತ ಒಳಗೇ ಕೂಗುತ್ತಾ ಕೂತಿದ್ದೆ. ಏನಾದ್ರೂ ಆದರೆ ಕೊಂದದ್ದು ತಾತನಲ್ಲ, ನಾನು.

ಆಸ್ಪತ್ರೆಯಲ್ಲಿ ಅತ್ತಿಗೆ ಅಂಗೈ ತೋರಿಸಿದಳು. 'ಸ್ಟೀರಾಡು, ಒಂದೂವರೆ ವರ್ಸ, ನಾಕು ದಿನದಿಂದ ಇಲ್ಲ' ಅಂತ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಅದನ್ನು ಓದಿಯೇ ಡಾಕ್ಟರು ಬೇಕಾದ ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಮ್ಮೆಗೇ ನಿಲ್ಲಿಸಿ ಅಂತ ಯಾರು ಹೇಳಿದ್ದು ಅಂತ ಕೇಳಿದರು. ನಾನೇ ಅಂದೆ. ನೀವು ಏನು ಕೆಲಸ ಮಾಡ್ತೀರಿ ಅಂದರು. ಔಷಧಶಾಸ್ತ್ರ ಕಲಿಸ್ತೀನಿ ಅಂದೆ. ಅವರು ಚೀಟಿ ಬರೆಯುವುದನ್ನು ಮುಂದುವರಿಸಿದರು.

ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಏರಿತು, ಅವ್ವ ಕಣ್ಣು ಬಿಟ್ಟಳು. ಅದೇ ಔಷಧಿಯನ್ನು ಮಾತ್ರೆಯಲ್ಲಿ ಕೊಟ್ಟು, ತಿಂಗಳುಗಟ್ಟಲೆ ಚೂರುಚೂರೇ ಇಳಿಸಬೇಕೆಂದಾಯಿತು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ನಾನು ತಾತನ ಮೇಲೆ ದೂರು ಬರೆದು ಚೀಲದಲ್ಲಿಟ್ಟುಕೊಂಡೆ. ಅವನ ಬಾಗಿಲಿಗೆ ಬೀಗ ಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು ನನಗೆ. ಅದನ್ನು ಅವ್ವನಿಗೂ ಓದಿ ಹೇಳಿದೆ.

"ಬಾನ್ವಾರ ಬಾನ್ವಾರ ಅಲ್ಲಿ ಬಾಗ್ಲು ತುಂಬ ಜನ ನಿಂತಿರ್ತಾರೆ ಕಣ್ ಮಗ," ಅಂದಳು ಅವ್ವ. "ಒಂದೇ ದಿನಕ್ಕೆ ಬೀಗ ಆಕ್ಸ್‌ಬುಟ್ರೆ ಅವ್ರೆಲ್ಲ ನನ್ನಂಗೇ ಬೀಳಕ್ಕಿಲ್ವಾ?"

ಕಾಗದ ಮಡಿಚಿಟ್ಟೆ. ದೂರನ್ನು ಕೊನೆಗೆ ಕೊಟ್ಟೆ, ಆದರೆ ಮೊದಲು ಆ ಆಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿ, ಬಂದವರನ್ನೆಲ್ಲ ನೋಡಿಕೊಳ್ಳುತ್ತೇವೆ ಅಂತ ಒಪ್ಪಿಸಿ, ಭಾನುವಾರ ತಾತನ ಊರಿಗೆ ಹೋದೆ.

ಜಗಲಿಯ ಮೇಲೆ ತಾತ ಡಬ್ಬ ಇಟ್ಟುಕೊಂಡು ಕೂತಿದ್ದ, ಕೆಳಗೆ ಹೆಂಗಸರೇ ಹೆಚ್ಚಾಗಿದ್ದ ಸಾಲು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬೈಗುಳ ಅವನ ಮುಖ ನೋಡಿದ್ದೇ ಮರೆತುಹೋಯಿತು. ಅವ್ವನಿಗಿಂತ ದುಂಡು ಮುಖ. ಮುಂಗೈ ತುಂಬ ಅದೇ ಕಂದು ಕಲೆ. ಪಕ್ಕ ಕೂತು, ಫೋನಿನಲ್ಲಿದ್ದ ಗಾಜಿನ ತಟ್ಟೆಯ ಫೋಟೋ ತೋರಿಸಿ, ಅವ್ವನಿಗಾದದ್ದನ್ನು ಹೇಳಿದೆ. ಮೊದಲು ತಾನೇ ಸೊಪ್ಪು ಕುಟ್ಟುತ್ತಿದ್ದನಂತೆ. ಕೈಗೆ ವಾತ ಬಂದ ಮೇಲೆ ಯಾರೋ ವ್ಯಾಪಾರಿ ಕುಟ್ಟಿದ ಪುಡಿಯನ್ನೇ ತಂದುಕೊಡುತ್ತಿದ್ದ, ಅದು ತನ್ನದಕ್ಕಿಂತ ಚೆನ್ನಾಗಿ ಗುಣ ಕೊಡುತ್ತಿತ್ತಂತೆ.

"ನಾನೂ ಅದ್ನೇ ತಿಂತೀನಿ ಕಣವ್ವ," ಅಂದ. "ನಾಕು ವರ್ಸ ಆಯ್ತು."

ಆಮೇಲೆ ಡಬ್ಬ ಎತ್ತಿಕೊಂಡು, ಗೋಡೆ ಹಿಡಿದು ಎದ್ದು, ಅಷ್ಟೂ ಜನರ ಮುಂದೆ ತಿಪ್ಪೆಯ ಕಡೆಗೆ ಹೆಜ್ಜೆ ಹಾಕಿದ. ನಾನು ಓಡಿಹೋಗಿ ಅವನ ಮುಂಗೈ ಹಿಡಿದುಕೊಂಡೆ.

"ಬ್ಯಾಡ ತಾತ, ಬಿಸಾಕ್ಬೇಡ. ಇವತ್ತಿನದು ತಿನ್ನು. ನಾಳೆ ಬೆಳಿಗ್ಗೆ ಎಲ್ಲರೂ ಆಸ್ಪತ್ರೆಗೆ ಹೋಗೋಣ."

ಅವನಿಗೆ ಡಬ್ಬದೊಳಗಿನ ಪೊಟ್ಟಣ ಬಿಚ್ಚಲು ಬೆರಳು ಬಗ್ಗಲಿಲ್ಲ. ನಾನೇ ಬಿಚ್ಚಿ ಅವನ ಅಂಗೈಗೆ ಸುರಿದು, ನೀರಿನ ಚೊಂಬು ಹಿಡಿದು ನಿಂತೆ.