ಒಡೆದರೆ ತನ್ನಿ

ಜಾಹೀರಾತು ಬರೆಯುವುದನ್ನು ಕಲಿಸುತ್ತಿದ್ದ ನಮ್ಮ ಮೇಷ್ಟ್ರದು ಒಂದೇ ಹಠ. ಯಾವ ವಸ್ತುವಿನ ಬಗ್ಗೆ ಬರೆದರೂ ಅದನ್ನು ಮಾಡಿದವರ ಎದುರಿಗೇ ಕೂತು ಓದಬೇಕು. ಅವರು ತಲೆದೂಗಿದರೆ ಮಾತ್ರ ಮಾರ್ಕ್ಸು. ಬೇರೆ ಕಾಲೇಜಿನವರು ಫ್ಯಾನಿನಡಿ ಪಾಠ ಕೇಳುತ್ತಿದ್ದರೆ, ನಾವು ರಾಮನಗರದಲ್ಲಿ ಬಸ್ಸು ಹತ್ತಿ ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯಲ್ಲಿ ಮರದ ಹೊಟ್ಟಿನ ನಡುವೆ ಕೂರುತ್ತಿದ್ದೆವು. ನನಗೋ ಮೈಯೆಲ್ಲ ಉರಿ.

ಒಂದು ದಿನ 'ಎಂದೂ ಒಡೆಯದ ಬೊಂಬೆ' ಎಂದು ಜಂಬದಿಂದ ಓದಿದೆ. ಯಂತ್ರದಲ್ಲಿ ತಿರುಗುತ್ತಿದ್ದ ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದ ಮುದುಕರು ಯಂತ್ರ ನಿಲ್ಲಿಸಿದರು.

"ಯಾರಮ್ಮ ಹಂಗಂದೋರು? ಮಕ್ಳು ಆಡಿದ್ರೆ ಒಡೆದೋಯ್ತದೆ. ಒಡೆದ್ರೆ ತತ್ತಾರೆ, ನಾನೇ ಸರಿ ಮಾಡ್ಕೊಡ್ತೀನಿ. ಅದ್ನ ಬರಿ."

ಮೇಷ್ಟ್ರು ನನ್ನ ಸಾಲನ್ನು ಹೊಡೆದುಹಾಕಿ, ಕೆಳಗೆ 'ಒಡೆದರೆ ತನ್ನಿ' ಎಂದು ಬರೆದರು. ಮುದುಕರು ತಲೆದೂಗಿದರು.

ಈಗ ಅದೇ ಪಾಠವನ್ನು ನಾನು ಮಾಡುತ್ತೇನೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡ ದಿನ, ಪತ್ರಿಕೆಗೆ ಒಂದು ಸಾಲು ಬರೆದುಕೊಡಮ್ಮ ಎಂದು ಅವರ ಹೆಂಡತಿ ಕೇಳಿದರು. 'ಎಂದೂ ಮರೆಯಲಾಗದ ಗುರು' ಎಂದು ಬರೆದೆ. ಹಳೇ ಅಭ್ಯಾಸ, ಹಾಳೆ ಹಿಡಿದು ಮೇಷ್ಟ್ರನ್ನು ಮಲಗಿಸಿದ್ದ ನಡುಮನೆಗೆ ಹೋಗಿ, ಪಕ್ಕದಲ್ಲಿ ಕೂತು ಮೆಲ್ಲಗೆ ಓದಿದೆ. ಓದುವಾಗಲೇ ನಾಚಿಕೆಯಾಯಿತು. ಆ ಸಾಲನ್ನು ನಾನೇ ಹೊಡೆದುಹಾಕಿ, ಕೆಳಗೆ ಬರೆದೆ: 'ತಪ್ಪು ಬರೆದರೆ ಮತ್ತೆ ಬರೆಸುತ್ತಿದ್ದರು.'

ಅದನ್ನೂ ಓದಿದೆ. ಓದಿ, ಅವರ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದೆ.