‘ಆತು, ಬರ್ರಿ’ ಅಂದ ಸಾವ್ಕಾರ

ಚಿನ್ನವ್ವಾ, ಸಣ್ಣತಮ್ಮಾ,

ಮನೆಯಲ್ಲಿ ಕರೆಯುವ ಹಾಗೆಯೇ ನಿಮ್ಮನ್ನು ಕರೆದು ಬರೆಯುತ್ತಿದ್ದೇನೆ. ನಿಮ್ಮ ಈ ಅಜ್ಜಿ ಕಲಿತದ್ದು ಶಿಗ್ಲಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಜನರ ಮುಂದೆ ಬಾಯಿ ಬಿಡಲು ಮೊದಲಿನಿಂದಲೂ ಅಂಜಿಕೆ. ನಿಮ್ಮ ಮುಂದೆ ಕುಳಿತು ಹೇಳಲೂ ಆಗದ್ದು ಒಂದಿದೆ, ಅದನ್ನು ಇಲ್ಲಿ ಬರೆದಿಡುತ್ತೇನೆ.

ನಿಮ್ಮ ಅಪ್ಪ ಮಿಲಿಟರಿ ಬಿಟ್ಟು ಬಂದ ವರ್ಷ ಚಿನ್ನವ್ವ ಎರಡನೆಯ ತರಗತಿಯಲ್ಲಿದ್ದಳು, ತಮ್ಮ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಹದಿನೇಳು ವರ್ಷ ಅವನು ಗಡಿಯ ಕಡೆಗೇ ಇದ್ದ. ಅಷ್ಟು ವರ್ಷವೂ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದರೆ ನಾನು ಎತ್ತುತ್ತಿರಲಿಲ್ಲ. ನಿಮ್ಮ ಅವ್ವ ಎತ್ತುತ್ತಿದ್ದಳು. ಅವಳ ಮುಖ ನೋಡಿದ ಮೇಲೆಯೇ ನನಗೆ ಉಸಿರು ಬರುತ್ತಿತ್ತು. ಅವನು ಕರಿ ಟ್ರಂಕು ತಂದು ಪಡಸಾಲೆಯಲ್ಲಿ ಇಳಿಸಿದ ದಿನ, ಇನ್ನು ನನ್ನ ಅಂಜಿಕೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಕೆಲಸ ಸಿಗಲಿಲ್ಲ. ಬ್ಯಾಂಕಿನಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸಕ್ಕೆ ಹೆಸರು ಬರೆಸಿ ಬಂದ. ಕರೆಯುತ್ತೇವೆ ಎಂದವರು ಕರೆಯಲಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ ಎಲ್ಲ ಅಲೆದ. ಬೆಳಿಗ್ಗೆ ಐದಕ್ಕೆ ಎದ್ದು ಬೂಟು ತಿಕ್ಕುತ್ತಿದ್ದ. ಹೋಗಲು ಜಾಗವಿಲ್ಲದ ದಿನವೂ ತಿಕ್ಕುತ್ತಿದ್ದ. ಊರ ಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಕುಳಿತ ಗೆಳೆಯರು ಸುಮ್ಮನಿರುತ್ತಾರೆಯೇ? “ಏನಲೇ ಹವಾಲ್ದಾರ, ವೈರಿ ಓಡಿಸಿ ಬಂದಿ, ಒಂದು ನೌಕರಿ ಹಿಡಿಯಾಕ ಆಗವಲ್ದೇನು?” ಎನ್ನುತ್ತಿದ್ದರು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಆ ದಾರಿ ಬಿಟ್ಟು ಹಿಂದಿನ ಓಣಿಯಿಂದ ಮನೆಗೆ ಬರತೊಡಗಿದ.

ಆಗ ಹುಬ್ಬಳ್ಳಿಯ ಏಜೆಂಟನೊಬ್ಬ ಫೋನ್ ಮಾಡಿದ. ಯಾವುದೋ ಜಗಳದ ದೇಶದಲ್ಲಿ ಎಣ್ಣೆ ಬಾವಿ ಕಾಯಲು ಫೌಜಿನಿಂದ ಬಂದವರು ಬೇಕಂತೆ. ಬಂದೂಕು ಅವರೇ ಕೊಡುತ್ತಾರಂತೆ. ಡೋಣಿ ಊರಿನ ಕಡೆಯ ಒಬ್ಬ, ನಿಮ್ಮ ಅಪ್ಪನ ಜೊತೆಗೇ ಮಿಲಿಟರಿ ಬಿಟ್ಟು ಬಂದವನು, ಆಗಲೇ ಪಾಸ್‌ಪೋರ್ಟ್ ಕೊಟ್ಟಿದ್ದ. ಶನಿವಾರ ಸಂಜೆಯೊಳಗೆ ಹೇಳಬೇಕಿತ್ತು.

“ಅಲ್ಲೀತನಕ ನೋಡ್ತೀನವ್ವ,” ಎಂದ. “ಇಲ್ಲೆ ಏನರ ಸಿಕ್ರ ಇರ್ತೀನಿ. ಇಲ್ಲಂದ್ರ ಹೋಗ್ತೀನಿ.”

ನಮ್ಮ ದೇಶದ ಗಡಿಯಾದರೆ ದೇವರಿಗೆ ಹೇಳಿಕೊಳ್ಳುತ್ತಿದ್ದೆ. ಇದು ಯಾರ ಜಗಳವೋ, ಯಾರ ಬಾವಿಯೋ. ಆ ವಾರ ನಾನು ಬಡಿದ ರೊಟ್ಟಿಯ ಅಂಚೆಲ್ಲ ಹರಿಯುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಬೆಟಗೇರಿಯಿಂದ ನಗುತ್ತ ಬಂದ. ಅಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುವ ಒಂದು ಜಿನ್ನಿಗೆ ಹೋಗಿದ್ದನಂತೆ.

“ಅವ್ವಾ, ಕೆಲಸ ಆತು! ಸಾವ್ಕಾರ್ರು ನನ್ನ ಕಾಗದ ಎಲ್ಲಾ ನೋಡಿದ್ರು. ಕಡೀಕ ‘ಆತು, ಬರ್ರಿ’ ಅಂದ್ರು. ಸೋಮವಾರದಿಂದ ಹೋಗೂದು.”

“ಸೋಮವಾರ ಅಂತ ಅವರ ಹೇಳಿದ್ರೇನು?”

“ನಾಳೆ ಐತವಾರ ಅಲ್ಲೇನವ್ವ? ಸೋಮವಾರನ ಆತಲ್ಲ.”

ನಿಮ್ಮ ಅವ್ವ ಸಕ್ಕರೆ ಡಬ್ಬಿ ತರಲು ಒಳಗೆ ಓಡಿದಳು. ನಾನು ಮೆಲ್ಲಗೆ ಕೇಳಿದೆ: “ಅವರು ಹಂಗ ಅಂದಾಗ ನೀ ಕುಂತಿದ್ದ್ಯೋ, ಎದ್ದು ನಿಂತಿದ್ದ್ಯೋ?”

“ಎದ್ದು ಸೆಲ್ಯೂಟ್ ಹೊಡದೆ. ಆಗ ಅಂದ್ರು. ಯಾಕ?”

“ಏನಿಲ್ಲ, ಹಂಗ ಕೇಳಿದೆ.”

ಅವನು ತಪ್ಪು ತಿಳಿದುಕೊಂಡಿದ್ದಾನೆಂದು ನನಗೆ ಗೊತ್ತಾಯಿತು. ನಮ್ಮ ಕಡೆ ಎದ್ದು ಹೊರಟವರಿಗೆ ಯಾರೂ ‘ಹೋಗ್ರಿ’ ಎನ್ನುವುದಿಲ್ಲ, ಅದು ಅಪಶಕುನದ ಮಾತು. ‘ಆತು, ಬರ್ರಿ’ ಎನ್ನುತ್ತೇವೆ. ಅಂದರೆ ನಿಮ್ಮ ಮಾತು ಮುಗಿಯಿತು, ಇನ್ನು ನಡೆಯಿರಿ ಎಂದು. ಪ್ರತಿ ರಜೆ ಮುಗಿದಾಗ ಬಸ್ಸಿನ ಹತ್ತಿರ ನಾನೂ ಅವನನ್ನು ಹಾಗೆಯೇ ಕಳಿಸಿದ್ದೆ. ಅವನಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಆರು ತಿಂಗಳು ಅಲೆದವನ ಕಿವಿ ತನಗೆ ಬೇಕಾದ್ದನ್ನೇ ಕೇಳಿತ್ತು. ಫೌಜಿನಲ್ಲಿ ದೊಡ್ಡವರು ಬಾ ಎಂದರೆ ಬರಲೇಬೇಕು, ಅದೂ ಒಂದು.

ಹೇಳಬೇಕಾಗಿತ್ತು. ಏಜೆಂಟನಿಗೆ ಹೇಳಲು ಇನ್ನೂ ಮೂರು ತಾಸು ಇತ್ತು. ಹೇಳಿದರೆ ಅವನು ಆ ದೇಶಕ್ಕೆ ಹೋಗುತ್ತಾನೆ. ಹೇಳದಿದ್ದರೆ ಇಲ್ಲೇ ಉಳಿಯುತ್ತಾನೆ, ಕೆಲಸವಿಲ್ಲದೆ, ನಾಲ್ಕು ಜನರ ನಗೆಗೆ ಸಿಕ್ಕು. ನಾನು ಸಕ್ಕರೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಕುಳಿತೆ. ನನ್ನ ಎದುರಿಗೇ ಅವನು ಏಜೆಂಟನಿಗೆ ಫೋನ್ ಹಚ್ಚಿ, ತನ್ನ ಹೆಸರು ತೆಗೆದುಬಿಡಿ ಎಂದ.

ಐತವಾರ ನಿಮ್ಮ ಅವ್ವ ಹೋಳಿಗೆ ಮಾಡಿದಳು. ನನ್ನ ಪಾಲಿನದನ್ನು ನಿಮ್ಮ ತಾಟಿಗೆ ಹಾಕಿದೆ.

ಸೋಮವಾರ ಮೊದಲ ಬಸ್ಸಿಗೆ ಅವನು ಹೊರಟಾಗ, ಕಣ್ಣು ತೋರಿಸಬೇಕೆಂದು ಸುಳ್ಳು ಹೇಳಿ ನಾನೂ ಹತ್ತಿದೆ. ಗದಗಿನಲ್ಲಿ ಇಳಿದು, ದವಾಖಾನೆ ಇಲ್ಲೇ ಹತ್ತಿರ, ನೀನು ನಡೆ ಎಂದು ಅವನನ್ನು ಮುಂದೆ ಕಳಿಸಿದೆ. ಆಮೇಲೆ ದಾರಿಯಲ್ಲಿ ಹೆಣ್ಣುಮಕ್ಕಳನ್ನೇ ಹುಡುಕಿ ಕೇಳುತ್ತ ಕೇಳುತ್ತ ಬೆಟಗೇರಿಯ ಆ ಜಿನ್ನಿನವರೆಗೆ ನಡೆದೆ. ಎದುರಿನ ಚಹಾ ಅಂಗಡಿಯ ಪಕ್ಕ ಸೆರಗು ಹೊದ್ದು ನಿಂತೆ. ಅವನು ಗೇಟಿನ ಮುಂದೆ ಬೂಟು ಜೋಡಿಸಿ ನಿಂತಿದ್ದ, ಕೈಯಲ್ಲಿ ಬುತ್ತಿಯ ಚೀಲ.

ಸಾವ್ಕಾರರು ಬಂದು ಕಾರಿನಿಂದ ಇಳಿದರು. “ಏನ್ರಿ, ಮತ್ತ ಬಂದ್ರಿ?” ಎಂದರು.

“ನೀವ ಬರ್ರಿ ಅಂದಿದ್ರಿ, ಸರ್.”

ಹೊರಗೆ ಕುಳಿತಿದ್ದ ಹಮಾಲರಿಗೆ ಅಷ್ಟೇ ಸಾಕಾಯಿತು. “ಫೌಜಿ ಸಾಹೇಬ್ರ, ಬರ್ರಿ ಅಂದ್ರ ಬರೂದಲ್ರಿ, ಹೋಗೂದು! ಕನ್ನಡ ಮರತ್ರೇನು?” ಎಂದ ಒಬ್ಬ. ಇನ್ನೊಬ್ಬ ತೊಡೆ ಬಡಿದುಕೊಂಡು, “ಯಪ್ಪಾ, ನಿನ್ನೆ ನಾನೂ ಬೀಗರಿಗೆ ಬರ್ರಿ ಅಂದು ಕಳಿಸೀನೋ! ಬಾಗಲದಾಗ ಬಂದು ಕುಂತಾರೋ ಏನೋ!” ಎಂದ. ಎಲ್ಲರೂ ನಕ್ಕರು. ಸಾವ್ಕಾರರೂ ನಕ್ಕರು.

ನಿಮ್ಮ ಅಪ್ಪನ ಕಿವಿ ಕೆಂಪಾದವು. ಅವನು ಅಂಗಿಯ ಕಿಸೆಯಿಂದ ಫೋನ್ ತೆಗೆದ. ವಾಯಿದೆ ಮುಗಿದಿದ್ದರೂ ಆ ಏಜೆಂಟನಿಗೇ ಎಂದು ನನಗೆ ಗೊತ್ತಿತ್ತು.

ರಸ್ತೆ ಹೇಗೆ ದಾಟಿದೆನೋ ನೆನಪಿಲ್ಲ. ಪರಗಂಡಸಿನ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. “ಸಾವ್ಕಾರ್ರ, ನನ್ನ ಮಗ ತಪ್ಪು ತಿಳಕೊಂಡಾನ, ಖರೆ. ಆದ್ರ ಬರ್ರಿ ಅಂದದ್ದು ನಿಮ್ಮ ಬಾಯಿ. ಬ್ಯಾಡಾದ್ರ ಅದ ಬಾಯಿಲೆ ‘ಹೋಗು’ ಅಂದುಬಿಡ್ರಿ. ನಾ ಕರಕೊಂಡು ಹೋಗ್ತೀನಿ.”

ನಗೆ ನಿಂತಿತು. ಸಾವ್ಕಾರರ ಮುಖ ಗಂಟಿಕ್ಕಿತು. “ಸೋಮವಾರ, ಮುಂಜಾನೆ, ಇನ್ನೂ ಪೂಜಿ ಆಗಿಲ್ಲ. ಎಂಥಾ ಮಾತು ಅನಸ್ತೀಯವ್ವ ನನ್ನ ಕೈಲೆ!” ಎಂದರು. ‘ಹೋಗು’ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಆ ಕಡೆ ಈ ಕಡೆ ನೋಡಿ ನಿಮ್ಮ ಅಪ್ಪನನ್ನು ಕೇಳಿದರು: “ಬೀಡಿ ಸೇದ್ತೀಯೇನು?”

“ಇಲ್ರಿ.”

“ಈ ಮಂದಿನ್ನ ಹತ್ತಿ ಇದ್ದಲ್ಲೆ ಬೀಡಿ ಸೇದಗೊಡದಂಗ ನೋಡ್ತೀಯೇನು?”

“ನೋಡ್ತೀನ್ರಿ.”

“ಒಂದು ವಾರ ಗೇಟಿನಾಗ ನಿಂದ್ರು. ಆಮ್ಯಾಲ ನೋಡೂಣು.”

ನಮ್ಮಲ್ಲಿ ‘ನೋಡೂಣು’ ಎಂದರೂ ಇಲ್ಲವೆಂದೇ ಅರ್ಥ. ಆ ವಾರವಿಡೀ ನಾನು ಅಂಜಿಕೊಂಡೇ ಇದ್ದೆ. ವಾರ ಕಳೆಯಿತು. ಇರು ಎಂದೂ ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಹೋಗುತ್ತಲೇ ಇದ್ದ. ಈಗ ಗೋದಾಮಿನ ಬೀಗದ ಕೈ ಅವನ ಹತ್ತಿರವೇ ಇರುತ್ತದೆ.

ಆ ಸೋಮವಾರ ಸಂಜೆ ಬೂಟು ಬಿಚ್ಚುತ್ತ ಅವನು ಕೇಳಿದ: “ಕಣ್ಣು ತೋರಸಾಕ ಹೋದಾಕಿ ಜಿನ್ನಿಗೆ ಯಾಕ ಬಂದಿ? ನಿನಗ ಮೊದಲ ಗೊತ್ತಿತ್ತೇನವ್ವ?”

“ಇಲ್ಲಪ್ಪ. ದಾರಿ ತಪ್ಪಿ ಬಂದೆ.”

ಅವನು ಬೂಟು ಜೋಡಿಸಿ ಮೂಲೆಗಿಟ್ಟ. ಮತ್ತೆಂದೂ ಕೇಳಲಿಲ್ಲ.

ಡೋಣಿಯವನು ಆ ದೇಶಕ್ಕೆ ಹೋದ. ಮೂರು ವರ್ಷ ಇದ್ದು, ಕೈಕಾಲು ನೆಟ್ಟಗೆ ಇಟ್ಟುಕೊಂಡೇ ತಿರುಗಿ ಬಂದ. ಮುಂಡರಗಿಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ. ನಿಮ್ಮ ಅಪ್ಪ ಅದರ ವಾಸ್ತುಶಾಂತಿಗೆ ಹೋಗಿ ಬಂದ. ಮರುದಿನ ಬುತ್ತಿ ಹಿಡಿದು ಗೇಟಿಗೆ ಹೋದ. ಶನಿವಾರ ನಾನು ಬಾಯಿ ಬಿಟ್ಟಿದ್ದರೆ ಅಂಥ ಮನೆ ನಿಮ್ಮದಾಗುತ್ತಿತ್ತೋ ಏನೋ. ಇಲ್ಲವೇ ಬೇರೆ ಏನಾಗುತ್ತಿತ್ತೋ. ಅದನ್ನು ಬರೆಯಲು ಕೈ ಬರುವುದಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ತಿಳಿದಿಲ್ಲ. ಅಂಜಿ ಮಾಡಿದೆ, ಅಷ್ಟೇ.

ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಮಕ್ಕಳೇ. ನಿಮ್ಮ ಪುಸ್ತಕಗಳ ನಡುವೆ, ಹುಳ ಹತ್ತದ ಕಡೆ ಇಡಿ. ನಾನಿರುವತನಕ ನಿಮ್ಮ ಅಪ್ಪನ ಕೈಗೆ ಸಿಗದಂತೆ ನೋಡಿಕೊಳ್ಳಿ. ಆಮೇಲೆ ಒಂದು ದಿನ ಅವನನ್ನು ಹತ್ತಿರ ಕೂಡಿಸಿಕೊಂಡು ನೀವೇ ಓದಿ ಹೇಳಿ. ಅಲ್ಲಿಯತನಕ ಇವು ನಿಮ್ಮ ಹತ್ತಿರ ಜೋಪಾನವಾಗಿ ಇರಲಿ.